ತುಳಸಿ ಲಗ್ನದ ಕಬ್ಬು

2 ನವೆಂಬರ್ 2025, ರವಿವಾರ
ನವನಗರ, ಬಾಗಲಕೋಟೆ

ಗೋವಾಕ್ಕೆ ಇನ್ನು ಏಳೇ ದಿನ. ಮಿರಾಮಾರ್ ದಂಡೆಯಿಂದ ಸಮುದ್ರದಲ್ಲಿ 1.9 ಕಿ.ಮೀ. ಈಜು, ಆಮೇಲೆ 90 ಕಿ.ಮೀ. ಸೈಕಲ್, ಆಮೇಲೆ 21.1 ಕಿ.ಮೀ. ಓಟ. ಎಲ್ಲ ಎಂಟೂವರೆ ತಾಸಿನೊಳಗೆ. ಮೈಲಿಯ ಲೆಕ್ಕದಲ್ಲಿ ಕೂಡಿಸಿದರೆ 70.3, ಸ್ಪರ್ಧೆಗೆ ಹೆಸರೂ ಅದೇ: ಐರನ್‌ಮ್ಯಾನ್ 70.3. ಅವ್ವನಿಗೆ ಇಷ್ಟೆಲ್ಲ ತಿಳಿಸಿ ಹೇಳಿದರೆ ಆಕೆ ಕೇಳಿದ್ದು ಒಂದೇ: "ಗೆದ್ರ ಏನ್ ಕೊಡ್ತಾರ?" ಗೆಲ್ಲುವವರು ಬೇರೆ, ನಾನು ಮುಗಿಸಿದರೆ ಒಂದು ಪದಕ ಕೊಡ್ತಾರ ಅಂದೆ. "ಮತ್ತ ರೊಕ್ಕ?" ರೊಕ್ಕ ನಾನೇ ಕಟ್ಟಿದ್ದೇನೆ ಅನ್ನಲು ಬಾಯಿ ಬರಲಿಲ್ಲ.

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಇವಳದು, ನನ್ನ ಹೆಂಡತಿಯದು, ಪೆನ್ನಿನಲ್ಲಿ. ಅದರ ಕೆಳಗೆ ಕಿಲೋಮೀಟರ್ ಲೆಕ್ಕ ನನ್ನದು, ಪೆನ್ಸಿಲ್‌ನಲ್ಲಿ. ಮೊದಲು ನಾನೂ ಪೆನ್ನಿನಲ್ಲೇ ಬರೆಯುತ್ತಿದ್ದೆ. ಆಗಸ್ಟಿನಲ್ಲಿ ಅವ್ವ ಹಾಲಿನವನ ಲೆಕ್ಕ ಮಾಡುವಾಗ ನನ್ನ ಒಂದು 12 ಕಿ.ಮೀ. ಓಟವನ್ನೂ ಲೀಟರಿಗೆ ಕೂಡಿಸಿಬಿಟ್ಟಳು. ಅಂದಿನಿಂದ ಪೆನ್ಸಿಲ್.

ಸೆಪ್ಟೆಂಬರ್ 22ರಿಂದ ಆ ಚೌಕಗಳಲ್ಲಿ ಇನ್ನೊಂದು ಶಬ್ದ ಸೇರಿತು: ಸಮೀಕ್ಷೆ. ಇವಳು ಸರಕಾರಿ ಶಾಲೆಯ ಟೀಚರ್. ದಸರಾ ರಜೆಯೆಲ್ಲ ಸರಕಾರದ ಜಾತಿ ಸಮೀಕ್ಷೆಗೆಂದು ಮೊಬೈಲ್ ಹಿಡಿದು ಮನೆ ಮನೆ ಬಾಗಿಲು ಬಡಿದಳು. ಮುಗಿಯಲಿಲ್ಲವೆಂದು ರಜೆಯನ್ನು ಅಕ್ಟೋಬರ್ 18ರ ತನಕ ಬೆಳೆಸಿದರು, ಅದೂ ಅದಕ್ಕೇ ಹೋಯಿತು. ನನ್ನ ಅತಿ ಉದ್ದದ ಸವಾರಿಗಳೂ ಅದೇ ವಾರಗಳಲ್ಲಿ ಬಿದ್ದಿದ್ದವು. ಒಂದು ದಿನ ನಾನು 90 ಹೊಡೆದು ಬಂದು, ಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು ಮಲಗಿದೆ. ತಿಕ್ಕಿದವಳು ಬೆಳಗಿನಿಂದ ನಿಂತೇ ಇದ್ದಳು ಎಂದು ಹೊಳೆದದ್ದು ಮರುದಿನ, ಬ್ಯಾಂಕಿನ ಕೌಂಟರಿನಲ್ಲಿ, ಯಾರದೋ ಪಾಸ್‌ಬುಕ್ ಹಿಡಿದುಕೊಂಡಾಗ. "ಗೋವಾಕ್ಕ ನೀನೂ ಬಾ" ಎಂದು ಆಮೇಲೆ ಎರಡು ಸಲ ಕರೆದೆ. ಎರಡೂ ಸಲ ಉತ್ತರ "ನೋಡೂಣು".

ಕೊನೆಯ ವಾರ ದೂರ ಕಡಿಮೆ ಮಾಡಿ ಮೈಗೆ ವಿಶ್ರಾಂತಿ ಕೊಡಬೇಕು. ಇದರಷ್ಟು ಕಷ್ಟದ ಅಭ್ಯಾಸ ಬೇರೊಂದಿಲ್ಲ. ಮೊನ್ನೆಯಿಂದ ಎಡ ಮೊಣಕಾಲು ನೋಯುತ್ತಿದೆಯೋ, ನೋಯಬಹುದು ಎಂದು ಕಾಯುತ್ತಿದ್ದೇನೋ ತಿಳಿಯದು. ಮನೆಯಲ್ಲಿ ಯಾರು ಸೀನಿದರೂ ದೂರ ಸರಿಯುತ್ತೇನೆ. ಮಗಳು ಬೇಕೆಂದೇ ಸೀನುತ್ತಾಳೆ.

ಭಯ ಇರುವುದು ನೀರಿನದು. ನಾನು ಈಸ ಬೀಳಲು ಕಲಿತದ್ದು ಮಾವನ ಊರಿನ ಭಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು. ಸಮುದ್ರದಲ್ಲಿ 1 ತಾಸು 10 ನಿಮಿಷದೊಳಗೆ ದಂಡೆಗೆ ಬರದಿದ್ದರೆ ಸೈಕಲ್ ಮುಟ್ಟಲೂ ಬಿಡುವುದಿಲ್ಲ. ಕೊಳದ ನೀರು ಸಾಲದೆಂದು ಗೆಳೆಯನ ಜೊತೆ ಹಿನ್ನೀರಿಗೆ ಹೋಗತೊಡಗಿದೆ, ಸೊಂಟಕ್ಕೆ ಕೇಸರಿ ಬಣ್ಣದ ತೇಲುಚೀಲ ಕಟ್ಟಿಕೊಂಡು. ಅವ್ವನಿಗೆ ಗೊತ್ತಾದ ದಿನ ಬಹಳ ಹೊತ್ತು ಸುಮ್ಮನಿದ್ದಳು. ಆಲಮಟ್ಟಿಯ ನೀರು ಬಂದು ನಮ್ಮ ಓಣಿ ಬಿಟ್ಟು ನವನಗರಕ್ಕೆ ಬಂದವರು ನಾವು. "ನಮ್ಮ ಮನಿ ಮ್ಯಾಲ ಈಸ ಬೀಳ್ತಿಯೇನೋ ತಮ್ಮಾ?" ಅಂದಳು. ಓಣಿ ಆ ಕಡೆ ಅಲ್ಲವ್ವಾ ಅಂದೆ. ಆಮೇಲೆ ಆಕೆ, "ಸಮುದ್ರ ಅಂದ್ರ ಇದಕ್ಕಿಂತ ದೊಡ್ಡದೇನು?"

ಇವತ್ತು ತುಳಸಿ ಲಗ್ನ. ನನ್ನ ಕೊನೆಯ ದೊಡ್ಡ ಅಭ್ಯಾಸವೂ ಇವತ್ತೇ: 60 ಕಿ.ಮೀ. ಸೈಕಲ್, ಇಳಿದ ಕೂಡಲೇ 20 ನಿಮಿಷ ಓಟ. ಬಾಗಿಲು ದಾಟುವಾಗ ಇವಳು ಹೇಳಿದ್ದು: "ಬರೂಮುಂದ ನಾಕ ಕಬ್ಬ ತರ್ರಿ, ಗರಿ ಇರಬೇಕು."

ಬಾಟಲಿಯಲ್ಲಿ ಮಹಾಲಿಂಗಪುರದ ಬೆಲ್ಲ, ಲಿಂಬೆ, ಉಪ್ಪು. ಮೊದಲು ಅಮೀನಗಡದ ಕರದಂಟು ಒಯ್ಯುತ್ತಿದ್ದೆ, ಊರಿನ ಅಭಿಮಾನ. ತುಪ್ಪ, ಅಂಟು, ಗೋಡಂಬಿ ಅಷ್ಟು ಬೇಗ ಕರಗುವುದಿಲ್ಲ. ಎಪ್ಪತ್ತನೇ ಕಿಲೋಮೀಟರಿಗೆ ಹೊಟ್ಟೆಯಲ್ಲಿ ಕಲ್ಲಾಗಿ ಕೂತಿತು. ಈಗ ಅದನ್ನು ಮನೆಗೆ ಬಂದು ತಿನ್ನುತ್ತೇನೆ.

ಗದ್ದನಕೇರಿ ಕ್ರಾಸ್, ತುಳಸಿಗೇರಿ, ಕಲಾದಗಿ. ಹಂಗಾಮಿನಲ್ಲಿ ಈ ದಾರಿಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಬರುವ ಕಬ್ಬಿನ ಟ್ರ್ಯಾಕ್ಟರ್‌ಗಳಿಗೆ ಜೀವ ಕೈಯಲ್ಲಿ ಹಿಡಿಯಬೇಕು. ಇವತ್ತು ರಸ್ತೆ ಖಾಲಿ. ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಧರಣಿ ಕೂತಿದ್ದಾರೆ. ಅವರ ಕಬ್ಬು ಹೊಲದಲ್ಲೇ ನಿಂತದ್ದರಿಂದ ನನಗೆ ಒಳ್ಳೆ ವೇಗ ಸಿಕ್ಕಿತು ಎಂದು ಬರೆಯಲು ಸಂಕೋಚ, ಆದರೆ ಸಿಕ್ಕಿದ್ದು ಖರೆ.

ಮೀಟರ್ 30 ತೋರಿಸಿದಲ್ಲಿ ತಿರುಗಿದೆ. ಕಲಾದಗಿ ಈಚೆ ಬದುವಿನ ಮೇಲೆ ನಿಂತವರೊಬ್ಬರನ್ನು ನಾಕು ಜಲ್ಲೆ ಕೇಳಿದೆ. "ಎಷ್ಟ ಬೇಕ ಅಷ್ಟ ಒಯ್ರಿ ಸರ, ಫ್ಯಾಕ್ಟರಿಗಂತೂ ಹೋಗವಲ್ದು" ಎಂದು ತಾವೇ ಕಡಿದು ಕೊಟ್ಟರು. ರೊಕ್ಕ ಮುಟ್ಟಲಿಲ್ಲ. ಸೈಕಲ್ಲಿನ ಬೆಲೆ ಕೇಳಿದರು. ಮೂರರಲ್ಲಿ ಒಂದು ಪಾಲು ಹೇಳಿದೆ, 35 ಸಾವಿರ. ಬೆರಳು ಮಡಚಿ, "ಅಂದ್ರ ಹತ್ತ ಟನ್ ಕಬ್ಬು. ಕೇಳಿದ ರೇಟ್ ಕೊಟ್ರ" ಅಂದರು.

ಪಂಕ್ಚರ್‌ಗೆಂದು ಇಟ್ಟಿದ್ದ ಟ್ಯೂಬಿನಿಂದ ಜಲ್ಲೆಗಳನ್ನು ಸೈಕಲ್ಲಿನ ಉದ್ದಕ್ಕೂ ಬಿಗಿದೆ. ಗರಿಗಳು ಹಿಂದೆ ಬಾಲದಂತೆ. ಮೊಣಕಾಲು ಅಗಲಿಸಿಯೇ ತುಳಿಯಬೇಕು, ಎದುರುಗಾಳಿ ಬೇರೆ. 28ರ ವೇಗ 14ಕ್ಕೆ ಬಂತು. ಬೈಕಿನ ಹುಡುಗರು ವಿಡಿಯೊ ಮಾಡಿಕೊಂಡು ಹೋದರು. ಮನೆ ಮುಟ್ಟಿ ಓಟದ ಬೂಟು ಹಾಕುತ್ತಿದ್ದೆ, ಒಳಗಿನಿಂದ ಇವಳ ಧ್ವನಿ: "ನೆಲ್ಲಿ ಟೊಂಗಿ ಮರತ್ರಿ!" ಗೆಳೆಯನ ಹಿತ್ತಲಲ್ಲಿ ಗಿಡ ಇದೆ. ಹೋಗಿ ಬರಲು ಮೂರು ಕಿಲೋಮೀಟರ್. 19 ನಿಮಿಷ, ವಾಪಸ್ ಬರುವಾಗ ಕೈಯಲ್ಲಿ ಟೊಂಗೆ.

ಸಂಜೆ ಮಗಳು ಅಂತರಪಟ ಹಿಡಿದಳು, ಅವ್ವ ಮಂಗಲಾಷ್ಟಕ ಹೇಳಿದಳು. ನನಗೆ ಕೂರಲು ಬರುತ್ತಿರಲಿಲ್ಲ, ನಿಂತೇ ಅಕ್ಷತೆ ಹಾಕಿದೆ. ಚಪ್ಪರದ ಕಬ್ಬನ್ನು ಓಣಿಯ ಹುಡುಗರು ಆರತಿ ಆರುವ ಮೊದಲೇ ಕಿತ್ತರು.

ಈಗ 60 ಬರೆಯಲು ಪೆನ್ಸಿಲ್ ಹಿಡಿದು ಕ್ಯಾಲೆಂಡರ್ ಮುಂದೆ ಹೋದೆ. ಇವತ್ತಿನ ಚೌಕದಲ್ಲಿ ಹಾಲು ಒಂದೂವರೆ. ಕೆಳಗೆ 7ರಿಂದ 10ರ ತನಕ ನಾಲ್ಕೂ ಚೌಕಗಳಿಗೆ ಅಡ್ಡ ಗೆರೆ ಎಳೆದು, ಪೆನ್ನಿನಲ್ಲಿ, ಇವಳ ಅಕ್ಷರ: "ಹಾಲು ಬ್ಯಾಡ".

ಪೂರಾ ಬೇಡವಾದರೆ ಅವ್ವನೂ ಬರುತ್ತಾಳೆ. ಕಾರಿನಲ್ಲಿ ಸೈಕಲ್ ಎಲ್ಲಿಡುವುದು ಎಂದು ಮತ್ತೆ ನೋಡಬೇಕು.