ಕಾರವಾರ: ರೈಲು ತಪ್ಪಿಸಿಕೊಂಡ ಬಂದರು

ಬೆಳಗಾವಿಯವರಿಗೆ ಸಮುದ್ರ ಅಂದರೆ ಗೋವಾ. ಚೋರ್ಲಾ ಘಾಟ್ ಇಳಿದರೆ ಮುಗೀತು. ಕಾರವಾರದ ನೆನಪಾಗುವುದು ಕಡಿಮೆ. ಆದರೆ 1510ರಲ್ಲಿ ಬಿಜಾಪುರದ ಆದಿಲಶಾಹಿಗಳ ಕೈಯಿಂದ ಗೋವಾ ಪೋರ್ಚುಗೀಸರಿಗೆ ಹೋದ ಮೇಲೆ, ಘಟ್ಟದ ಕಾಳುಮೆಣಸು, ಹುಬ್ಬಳ್ಳಿ ಕಡೆಯ ತೆಳುಬಟ್ಟೆ ಹಡಗು ಹತ್ತಿದ ಜಾಗಗಳಲ್ಲಿ ಕಾರವಾರದ ಪಕ್ಕದ ಕಾಳಿ ನದಿಯ ಅಳಿವೆಯೂ ಒಂದು. 1638ರಲ್ಲಿ ಇಂಗ್ಲಿಷರು ಇಲ್ಲಿ ಕೋಠಿ (ವ್ಯಾಪಾರದ ಮಳಿಗೆ) ತೆರೆದದ್ದು ಆ ಮೆಣಸಿಗಾಗಿಯೇ.

ಈ ಬಂದರಿನ ಬಲ ತಿಳಿಯಬೇಕಾದರೆ ಬಂದರು ಇರುವ ಬೈತಖೋಲಕ್ಕೆ ಹೋಗಿ ನಿಲ್ಲಬೇಕು. ಮಳೆಗಾಲದ ಅಲೆ ಬರುವುದು ನೈಋತ್ಯದಿಂದ. ಸಮುದ್ರಕ್ಕೆ ಚಾಚಿದ ಗುಡ್ಡ ಆ ಹೊಡೆತಕ್ಕೆ ಎದೆಯೊಡ್ಡುತ್ತದೆ, ಒಳಗಿನ ನೀರು ಸುಮ್ಮನಿರುತ್ತದೆ. ಹೊರಗೆ ದೇವಗಡ ದ್ವೀಪದಲ್ಲಿ 1864ರ ದೀಪಸ್ತಂಭ.

1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು, ಕಾರವಾರ ಜಿಲ್ಲಾ ಕೇಂದ್ರವಾಯಿತು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬರ ಬಿದ್ದ ಕಾಲ. ಧಾರವಾಡ ಸೀಮೆಯ ಹತ್ತಿ ಇಲ್ಲೇ ಇಳಿಯಲಿ ಎಂದು ಘಟ್ಟದ ರಸ್ತೆಗಳಾದವು, ರೈಲಿನ ಮಾತೂ ಎದ್ದಿತು. ಆಗ ರೈಲು ಬರಲಿಲ್ಲ. 1888ರಲ್ಲಿ ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿದ ಹಳಿ ಗೋವಾದ ಮುರಗಾಂವ್‌ಗೆ, ಅಂದರೆ ಮಾರ್ಮಗೋವಾಕ್ಕೆ ಮುಟ್ಟಿತು. 37 ಅಡಿಗೆ 1 ಅಡಿ ಇಳಿಜಾರು; ಹಿಂದಿನಿಂದ ಎಂಜಿನ್ ಹಚ್ಚಿ ತಳ್ಳದೆ ಸರಕು ಮೇಲೇರದು. ಅಷ್ಟು ಕಷ್ಟದ ಹಳಿಯಾದರೂ ಎತ್ತಿನ ಗಾಡಿಗಿಂತ ಅಗ್ಗ. ಹತ್ತಿ ಆ ಕಡೆ ತಿರುಗಿತು. ಕಾರವಾರದ ಶಾಂತಿಯನ್ನು ಹೊಗಳುವವರು ಅದರ ಹಿಂದಿನ ಈ ನಷ್ಟವನ್ನೂ ತಿಳಿದಿರಬೇಕು. ಈ ಕರಾವಳಿಗೆ ಬರಬೇಕಾದ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಕಾಡಿನ ಪ್ರಶ್ನೆಯಲ್ಲಿ ಇನ್ನೂ ಸಿಕ್ಕಿಕೊಂಡಿದೆ.

ಈಗ ಬಂದರಿನಲ್ಲಿ ಡಾಂಬರು, ಎಣ್ಣೆ, ಕಾಕಂಬಿ ಓಡಾಡುತ್ತವೆ. ದಕ್ಷಿಣದ ಅರಗಾ ಕಡೆ ನೌಕಾನೆಲೆ. ಅದಕ್ಕಾಗಿ ಊರು ಬಿಟ್ಟವರನ್ನು ಮರೆಯಬಾರದು.

ಹೋಗುವವರಿಗೆ: ಖಾನಾಪುರ, ರಾಮನಗರ, ಜೊಯಿಡಾ, ಅಣಶಿ, ಕದ್ರಾ ದಾರಿ ಚೆಂದ. ಆದರೆ ಜುಲೈ–ಆಗಸ್ಟಿನಲ್ಲಿ ಅಣಶಿ ಘಟ್ಟದ ಮಣ್ಣು ನೀರು ಕುಡಿದು ಜಾರುತ್ತದೆ, 2021ರ ಜುಲೈಯಲ್ಲಿ ದೊಡ್ಡ ಕುಸಿತವಾಗಿತ್ತು. ಆಗ ಯಲ್ಲಾಪುರ–ಅರಬೈಲು ಹಿಡಿಯುವುದು ಲೇಸು, ಆದರೆ ಹೊರಡುವ ಮುನ್ನ ಅದರ ಸ್ಥಿತಿಯನ್ನೂ ವಿಚಾರಿಸಿಕೊಳ್ಳಿ. ರೈಲಾದರೆ ಲೋಂಡಾ ಮೇಲೆ ಮಡಗಾಂವ್‌ಗೆ ಹೋಗಿ ಕೊಂಕಣ ಗಾಡಿ ಹತ್ತಬೇಕು. ಸ್ಟೇಷನ್ ಇರುವುದು ಊರ ಹೊರಗೆ, ಶಿರವಾಡದಲ್ಲಿ. ಮೀನಿನ ಆಸೆಯಿದ್ದರೆ ಜೂನ್ 1ರಿಂದ ಜುಲೈ 31ರವರೆಗೆ ಬೇಡ: ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ, ತಾಜಾ ಬಂಗಡೆ ಸಿಗುವುದು ಕಷ್ಟ.