ಊರು ಗೊತ್ತು, ತಿಂಗಳು ಯಾವುದು?

ಬೇರೆ ದೇಶದ ಒಂದು ಊರಿಗೆ ಹೋಗೋಣ ಅಂತ ಮನಸ್ಸು ಮಾಡಿದ ಕೂಡಲೇ ಎಲ್ಲರೂ ಮೊದಲು ನೋಡುವುದು ಅಲ್ಲಿನ ಹವಾಮಾನ. ಎಷ್ಟು ಡಿಗ್ರಿ ಇರುತ್ತೆ, ಮಳೆ ಬರುತ್ತಾ, ಸ್ವೆಟರ್ ಬೇಕಾ. ನಾನೂ ವರ್ಷಗಟ್ಟಲೆ ಹಾಗೇ ಮಾಡುತ್ತಿದ್ದೆ. ಈಗ ಬಿಟ್ಟಿದ್ದೇನೆ. ಈಗ ಮೊದಲು ನೋಡುವುದು, ಆ ಊರಲ್ಲಿ ಆ ತಿಂಗಳು ಹೊತ್ತು ಎಷ್ಟು ಗಂಟೆಗೆ ಮುಳುಗುತ್ತೆ ಅನ್ನೋದನ್ನ. ಎರಡನೆಯದು, ಆ ವಾರ ಅಲ್ಲಿನವರಿಗೆ ದೊಡ್ಡ ರಜೆ ಏನಾದರೂ ಇದೆಯಾ ಅಂತ. ಚಳಿ, ಮಳೆ, ಸೆಖೆ ಎಲ್ಲ ಆಮೇಲೆ.

ಇದನ್ನು ಕಲಿಸಿದ್ದು ಲಂಡನ್.

ಅಮ್ಮನನ್ನು ಕರೆದುಕೊಂಡು ಡಿಸೆಂಬರ್‌ನಲ್ಲಿ ಹೋಗಿದ್ದೆ. ಚಳಿಗೆ ತಯಾರಾಗಿಯೇ ಹೋಗಿದ್ದೆವು. ದಪ್ಪ ಕೋಟು, ಉಣ್ಣೆ ಕಾಲುಚೀಲ, ಟೋಪಿ, ಎಲ್ಲ ಇತ್ತು. ಚಳಿ ಅಷ್ಟೇನೂ ಕಾಡಲಿಲ್ಲ. ಒಂದು ದಿನ ಬೆಳಿಗ್ಗೆ ಮ್ಯೂಸಿಯಂ ನೋಡಿ, ಊಟ ಮುಗಿಸಿ, ಥೇಮ್ಸ್ ನದಿಯಲ್ಲಿ ದೋಣಿ ಹಿಡಿದು ಗ್ರೀನಿಚ್‌ಗೆ ಹೋದೆವು. ಅಲ್ಲಿ ದಿಬ್ಬದ ಮೇಲೆ ಹಳೆಯ ವೀಕ್ಷಣಾಲಯ ಇದೆ. ಅಲ್ಲಿ ನಿಂತರೆ ಕೆಳಗೆ ಹಸಿರು ಬಯಲು, ಬಿಳಿ ಕಟ್ಟಡಗಳು, ನದಿ, ಅದರಾಚೆ ಕ್ಯಾನರಿ ವಾರ್ಫಿನ ಎತ್ತರದ ಗೋಪುರಗಳು. ಅಮ್ಮ ಮಂಡಿ ಹಿಡಿದುಕೊಂಡು ನಿಧಾನವಾಗಿ ಹತ್ತಿದರು, ಮಧ್ಯೆ ಎರಡು ಸಲ ಬೆಂಚಿನ ಮೇಲೆ ಕೂತರು. ಮೇಲೆ ತಲುಪಿದಾಗ ಗಡಿಯಾರದಲ್ಲಿ 3.40. ಹಿಂದೆ ತಿರುಗಿ ನೋಡಿದರೆ ಬಯಲಿನ ಹಸಿರು ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು. ನಾವು ನೋಡುತ್ತಿದ್ದಂತೆಯೇ ಗೋಪುರಗಳ ಕಿಟಕಿಗಳಲ್ಲಿ ಒಂದೊಂದಾಗಿ ದೀಪ ಹತ್ತಿಕೊಂಡವು. ಅಮ್ಮ ಬ್ಯಾಗಿನಿಂದ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, "ಇಷ್ಟು ಬೇಗ ಕತ್ತಲಾಯ್ತಾ?" ಅಂದರು. ಆ ಮಾತು ಇವತ್ತಿಗೂ ಮನಸ್ಸಿನಲ್ಲಿದೆ. ಅಷ್ಟು ಕಷ್ಟಪಟ್ಟು ಹತ್ತಿ ಬಂದವರಿಗೆ ನೋಡಲು ಸಿಕ್ಕಿದ್ದು ಹತ್ತೇ ನಿಮಿಷ.

ಡಿಸೆಂಬರ್ ಮಧ್ಯದಲ್ಲಿ ಲಂಡನ್ನಿನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 8ರ ಹೊತ್ತಿಗೆ, ಮುಳುಗುವುದು ಮಧ್ಯಾಹ್ನ 3.50ರ ಸುಮಾರಿಗೆ. ಪೂರ್ತಿ 8 ಗಂಟೆ ಬೆಳಕೂ ಇಲ್ಲ. ಅದೇ ಜೂನ್ ಕೊನೆಯ ಭಾಗದಲ್ಲಿ ಹೋದರೆ ಬೆಳಗಾಗುವುದು 4.45ಕ್ಕೂ ಮೊದಲು, ಸೂರ್ಯಾಸ್ತ ರಾತ್ರಿ 9.20ಕ್ಕೆ. ಹದಿನಾರೂವರೆ ಗಂಟೆ ಬೆಳಕು. ಒಂದೇ ಊರು, ಒಂದೇ ಹೋಟೆಲ್ಲು, ಒಂದೇ ಐದು ದಿನದ ಪ್ರವಾಸ, ಆದರೆ ಕೈಗೆ ಸಿಗುವ ಹಗಲು ಎರಡು ಪಟ್ಟು. ಬ್ರಿಟಿಷ್ ಮ್ಯೂಸಿಯಂ ಶುಕ್ರವಾರ ಬಿಟ್ಟು ಉಳಿದ ದಿನ ಸಂಜೆ 5ಕ್ಕೆ ಮುಚ್ಚುತ್ತೆ. ಜೂನ್‌ನಲ್ಲಾದರೆ ಅದನ್ನು ನೋಡಿಕೊಂಡು ಹೊರಗೆ ಬಂದ ಮೇಲೂ ನಾಲ್ಕು ಗಂಟೆ ಬಿಸಿಲಿರುತ್ತೆ. ನದಿ ದಂಡೆಯಲ್ಲಿ ನಡೀಬಹುದು, ಪಾರ್ಕಿನಲ್ಲಿ ಕೂರಬಹುದು. ಡಿಸೆಂಬರ್‌ನಲ್ಲಿ ಹೊರಗೆ ಬಂದರೆ ರಾತ್ರಿ.

ಹಾಗಂತ ಡಿಸೆಂಬರ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ನೀವು ಹೋಗುವುದೇ ದೀಪ ನೋಡೋಕೆ ಅಂದರೆ ಕತ್ತಲೆಯೇ ಬೇಕು ಅಲ್ವಾ? ವಿಯೆನ್ನಾದ ಟೌನ್ ಹಾಲ್ ಮುಂದಿನ ಕ್ರಿಸ್ಮಸ್ ಸಂತೆಗೆ ಡಿಸೆಂಬರ್‌ನ ಸಂಜೆಯೇ ಸರಿ, ಅಲ್ಲಿ ನಾಲ್ಕು ಗಂಟೆಗೆ ಕತ್ತಲಾದರೆ ಅದು ಲಾಭ. ನಾಟಕ, ಸಂಗೀತ, ಮ್ಯೂಸಿಯಂ ಅಂತ ಒಳಗೇ ಕೂರುವವರಿಗೂ ಚಿಂತೆಯಿಲ್ಲ. ನಡೆದು ಊರು ನೋಡುವವರಿಗೆ ಮಾತ್ರ ಹಗಲು ಮುಖ್ಯ. ನಾನು ನಡೆಯುವ ಜಾತಿ.

ಯುರೋಪಿಗೆ ಅಕ್ಟೋಬರ್ ಕೊನೆಯಲ್ಲಿ ಹೋಗುವವರು ಇನ್ನೊಂದು ವಿಷಯ ಗಮನಿಸಬೇಕು. ಅಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಹಾಕುತ್ತಾರೆ, ಅಕ್ಟೋಬರ್‌ನ ಕೊನೆಯ ಭಾನುವಾರ ಹಿಂದಕ್ಕೆ ತರುತ್ತಾರೆ. ಲಂಡನ್ನಿನಲ್ಲಿ ಆ ಶನಿವಾರ ಸುಮಾರು 5.45ಕ್ಕೆ ಮುಳುಗಿದ ಸೂರ್ಯ ಭಾನುವಾರ 4.45ರ ಹೊತ್ತಿಗೇ ಹೋಗಿರುತ್ತಾನೆ. ರಾತ್ರಿ ಬೆಳಗಾಗುವುದರೊಳಗೆ ಸಂಜೆಯ ಒಂದು ಗಂಟೆ ಮಾಯ. ಟಿಕೆಟ್ಟನ್ನು ಒಂದು ವಾರ ಹಿಂದಕ್ಕೆ ಎಳೆದುಕೊಂಡರೆ ಅಷ್ಟು ಸಂಜೆಗಳು ಉಳಿಯುತ್ತವೆ. ಸಿಂಗಪುರದ ಮಟ್ಟಿಗೆ ಈ ಲೆಕ್ಕವೇ ಬೇಡ, ಭೂಮಧ್ಯರೇಖೆಯ ಪಕ್ಕದಲ್ಲೇ ಇರುವುದರಿಂದ ಅಲ್ಲಿ ವರ್ಷವಿಡೀ ಬೆಳಿಗ್ಗೆ 7ರ ಆಸುಪಾಸು ಬೆಳಕು, ಸಂಜೆ 7ರ ಆಸುಪಾಸು ಕತ್ತಲೆ.

ಈಗ ರಜೆಯ ವಿಷಯ. ಅದೇ ಲಂಡನ್ ಪ್ರವಾಸದಲ್ಲಿ ಡಿಸೆಂಬರ್ 25 ಕೂಡ ಬಂದಿತ್ತು. ಹಬ್ಬದ ದಿನ ಊರು ತುಂಬಾ ಕಳೆಯಾಗಿರುತ್ತೆ ಅಂತ ನಾನೇ ಬೇಕು ಅಂತ ಸೇರಿಸಿದ್ದೆ. ಅವತ್ತು ಲಂಡನ್ನಿನಲ್ಲಿ ಮೆಟ್ರೋ ಓಡುವುದಿಲ್ಲ. ಬಸ್ಸೂ ಇಲ್ಲ, ರೈಲೂ ಇಲ್ಲ. ಮ್ಯೂಸಿಯಂಗಳಿಗೆ ಬೀಗ. ಗಾಡಿಗಳೇ ಇಲ್ಲದ ಅಗಲವಾದ ರಸ್ತೆಯಲ್ಲಿ ನಾನು, ಅಮ್ಮ ಒಂದು ಗಂಟೆ ನಡೆದು ನದಿ ತನಕ ಹೋಗಿ ವಾಪಸ್ ಬಂದೆವು. ಅದು ಚೆನ್ನಾಗಿಯೇ ಇತ್ತು, ನಿಜ ಹೇಳಬೇಕೆಂದರೆ ಆ ಪ್ರವಾಸದಲ್ಲಿ ಅಮ್ಮನಿಗೆ ಹೆಚ್ಚು ಇಷ್ಟವಾದ ಬೆಳಿಗ್ಗೆ ಅದೇ. ಆದರೆ ಮೊದಲೇ ಗೊತ್ತಿದ್ದರೆ ಅವರಿಗೆ ಅಷ್ಟು ದೂರ ನಡೆಯುವ ಕಷ್ಟ ಕೊಡುತ್ತಿರಲಿಲ್ಲ, ನದಿಯ ಹತ್ತಿರವೇ ರೂಮು ಮಾಡುತ್ತಿದ್ದೆ.

ಪ್ರತಿ ಊರಿಗೂ ಇಂಥದ್ದೊಂದು ಇರುತ್ತೆ. ಪ್ಯಾರಿಸ್‌ನವರು ಆಗಸ್ಟ್‌ನಲ್ಲಿ ಊರು ಬಿಟ್ಟು ರಜೆಗೆ ಹೋಗುತ್ತಾರೆ. ದೊಡ್ಡ ಜಾಗಗಳು ತೆರೆದೇ ಇರುತ್ತವೆ, ಆದರೆ ಬೀದಿ ಬದಿಯ ಸಣ್ಣ ಅಂಗಡಿ, ಬೇಕರಿ, ಹೋಟೆಲ್ಲುಗಳಲ್ಲಿ ಎಷ್ಟೋ ಮುಚ್ಚಿರುತ್ತವೆ. ಇಟಲಿಯಲ್ಲಿ ಆಗಸ್ಟ್ 15 ದೊಡ್ಡ ರಜೆ. ಚೀನಾದಲ್ಲಿ ಅಕ್ಟೋಬರ್ 1ರಿಂದ ಶುರುವಾಗುವ ವಾರದಲ್ಲಿ ದೇಶಕ್ಕೆ ದೇಶವೇ ಪ್ರಯಾಣ ಹೊರಟಿರುತ್ತೆ, ಆಗ ಬೀಜಿಂಗ್‌ನ ಅರಮನೆಯ ಮುಂದೆ ನಿಲ್ಲಲೂ ಜಾಗ ಕಷ್ಟ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಆಗಸ್ಟ್ ಪೂರ್ತಿ ಕಲಾಉತ್ಸವ. 1947ರಿಂದ ನಡೆದುಕೊಂಡು ಬಂದಿದೆ. ನಾಟಕ ಪ್ರಿಯರಿಗೆ ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಸುಮ್ನೆ ಕೋಟೆ, ಬೆಟ್ಟ ನೋಡೋಣ ಅಂತ ಹೋದವರಿಗೆ ಆಗ ರೂಮು ಸಿಗುವುದೇ ಕಷ್ಟ, ಸಿಕ್ಕರೂ ಬಾಡಿಗೆ ಜಾಸ್ತಿ.

ಜಪಾನಿನ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು, ಯಾಕಂದರೆ ಎಲ್ಲರೂ ಕೇಳುವುದು ಅದನ್ನೇ. ಚೆರ್ರಿ ಹೂವಿಗೆ ಯಾವಾಗ ಹೋಗಬೇಕು? ಟೋಕಿಯೋದ ಯಾಸುಕುನಿ ದೇಗುಲದ ಅಂಗಳದಲ್ಲಿ ಒಂದು ಚೆರ್ರಿ ಮರ ಇದೆ. ಹವಾಮಾನ ಇಲಾಖೆಯವರು ಪ್ರತಿ ವರ್ಷ ಆ ಮರದ ಮುಂದೆ ನಿಂತು ಹೂ ಎಣಿಸುತ್ತಾರೆ. ಐದಾರು ಹೂ ಅರಳಿದರೆ ಟೋಕಿಯೋದಲ್ಲಿ ಹೂ ಶುರುವಾಯಿತು ಅಂತ ಘೋಷಣೆ. ಮೊಗ್ಗುಗಳಲ್ಲಿ ಶೇಕಡಾ 80 ಅರಳಿದರೆ ತುಂಬು ಹೂವು. 1991ರಿಂದ 2020ರವರೆಗಿನ ಸರಾಸರಿ ತೆಗೆದರೆ ಶುರುವಾಗುವುದು ಮಾರ್ಚ್ 24, ತುಂಬುವುದು ಮಾರ್ಚ್ 31. ಆದರೆ ಸರಾಸರಿಯನ್ನು ನಂಬಿ ಆರು ತಿಂಗಳು ಮೊದಲೇ ಟಿಕೆಟ್ ಮಾಡುವುದು ಸ್ವಲ್ಪ ಜೂಜು. 2021ರಲ್ಲಿ ಕ್ಯೋಟೋದ ಮರಗಳು ಮಾರ್ಚ್ 26ಕ್ಕೇ ತುಂಬಿ ನಿಂತವು. ಅಲ್ಲಿ ಸಾವಿರದ ಇನ್ನೂರು ವರ್ಷಗಳ ದಾಖಲೆ ಇದೆಯಂತೆ, ಅದರಲ್ಲೇ ಅಷ್ಟು ಬೇಗ ಅರಳಿದ್ದು ಅದೇ ಮೊದಲು.

ನಾವು ಟೋಕಿಯೋ ತಲುಪಿದ್ದು ಏಪ್ರಿಲ್ ಎರಡನೇ ವಾರ. ಹಿಂದಿನ ರಾತ್ರಿ ಗಾಳಿ ಮಳೆ ಬಂದಿತ್ತು. ಚಿದೋರಿಗಾಫುಚಿ ಅಂತ ಅರಮನೆಯ ಪಕ್ಕದ ಹಳೆಯ ಕಂದಕ. ಅದರ ಎರಡೂ ದಂಡೆಯಲ್ಲಿ ಚೆರ್ರಿ ಮರಗಳು ನೀರಿನ ಮೇಲೆ ಬಾಗಿವೆ. ಮರದಲ್ಲಿ ಎಳೆ ಎಲೆ ಬಂದಿತ್ತು, ಹೂ ಎಲ್ಲ ನೀರಿಗೆ ಇಳಿದಿತ್ತು. ನೀರು ಕಾಣದಷ್ಟು ಗುಲಾಬಿ ಎಸಳು. ಒಂದು ದೋಣಿ ಅದರ ನಡುವೆ ಹೋದಾಗ ಹಿಂದೆ ಕಪ್ಪು ನೀರಿನ ಗೆರೆ ತೆರೆದುಕೊಂಡಿತು, ಒಂದೆರಡು ನಿಮಿಷದಲ್ಲಿ ಎಸಳುಗಳು ಮತ್ತೆ ಕೂಡಿಕೊಂಡು ಆ ಗೆರೆ ಮುಚ್ಚಿಹೋಯಿತು. ಅಮ್ಮನ ಕೊಡೆಗೆ ಅಂಟಿಕೊಂಡಿದ್ದ ನಾಲ್ಕು ಎಸಳನ್ನು ಅವರು ಪಾಸ್‌ಪೋರ್ಟ್ ಒಳಗೆ ಇಟ್ಟುಕೊಂಡರು. ನನಗೆ ಬೇಜಾರೇನೂ ಆಗಲಿಲ್ಲ. ಆದರೆ ಹೂವೊಂದಕ್ಕೇ ಅಂತ ಅಷ್ಟು ದೂರ ಹೋಗುವವರಿಗೆ ನನ್ನ ಸಲಹೆ, ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಹತ್ತು ದಿನ ಇಟ್ಟುಕೊಳ್ಳಿ. ನಾಲ್ಕೇ ದಿನ ಇದ್ದರೆ ಅದನ್ನು ಹೂವಿಗೆ ಪಣ ಇಡಬೇಡಿ, ನವೆಂಬರ್ ಕೊನೆಗೆ ಹೋಗಿ. ಕ್ಯೋಟೋದ ಮೇಪಲ್ ಎಲೆ ಕೆಂಪಾಗುವುದು, ಟೋಕಿಯೋದ ಗಿಂಕೋ ಮರಗಳು ಹಳದಿಯಾಗುವುದು ಆಗ. ಒಂದು ಮಳೆಗೆ ಉದುರಿ ಹೋಗುವ ಬಣ್ಣ ಅಲ್ಲ ಅದು, ಹೂವಿಗಿಂತ ಜಾಸ್ತಿ ದಿನ ನಿಲ್ಲುತ್ತೆ. ಆದರೆ ಮತ್ತೆ ನನ್ನ ಹಳೆಯ ಲೆಕ್ಕ: ನವೆಂಬರ್ ಕೊನೆಯಲ್ಲಿ ಟೋಕಿಯೋದಲ್ಲಿ ಸೂರ್ಯ 4.30ಕ್ಕೇ ಮುಳುಗುತ್ತಾನೆ. ಬೆಳಗಾಗುವುದು 6.30ಕ್ಕೆ. ಆದ್ದರಿಂದ ಅಲ್ಲಿ ಬೇಗ ಏಳಬೇಕು, ಏಳೂವರೆಗೆಲ್ಲ ರಸ್ತೆಯಲ್ಲಿರಬೇಕು. ಏಪ್ರಿಲ್ 29ರಿಂದ ಮೇ ಮೊದಲ ವಾರದವರೆಗೆ ಜಪಾನಿನವರಿಗೆ ಸಾಲು ರಜೆ, ಆಗ ಬೇಡ. ಡಿಸೆಂಬರ್ 29ರಿಂದ ಜನವರಿ 3ರವರೆಗೂ ಬೇಡ, ಆಗ ಮ್ಯೂಸಿಯಂಗಳಲ್ಲಿ ಹೆಚ್ಚಿನವು ಮುಚ್ಚಿರುತ್ತವೆ.

ಮಳೆಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎಷ್ಟು ಮಿಲಿಮೀಟರ್ ಅಂತ ನೋಡಿ ಹೆದರಬೇಡಿ, ಹೇಗೆ ಬರುತ್ತೆ ಅಂತ ನೋಡಿ. ಮಳೆಯ ಊರು ಅಂತ ಹೆಸರಾದ ಲಂಡನ್ನಿಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ಬಿಸಿಲಿನ ಊರು ಅಂತ ಹೆಸರಾದ ಸಿಡ್ನಿಗೆ ಅದರ ಎರಡು ಪಟ್ಟು! ಲಂಡನ್ನಿನದು ತುಂತುರು, ದಿನವಿಡೀ ಜಿನುಗುತ್ತೆ, ಆಕಾಶ ಮಂಕಾಗಿರುತ್ತೆ. ಸಿಂಗಪುರದಲ್ಲಿ ವರ್ಷಕ್ಕೆ 2,000 ಮಿಲಿಮೀಟರ್ ದಾಟುತ್ತೆ, ಆದರೆ ಸಾಮಾನ್ಯವಾಗಿ ಒಂದು ಗಂಟೆ ಧೋ ಅಂತ ಸುರಿದು ನಿಂತು ಹೋಗುತ್ತೆ, ಆ ಹೊತ್ತಿಗೆ ಎಲ್ಲಾದರೂ ಒಳಗಿದ್ದರೆ ಸಾಕು. ನಿಜವಾಗಿ ಯೋಚಿಸಬೇಕಾದದ್ದು ಚಂಡಮಾರುತದ ತಿಂಗಳುಗಳನ್ನು. ಹಾಂಗ್‌ಕಾಂಗ್‌ನಲ್ಲಿ 8ನೇ ಸಂಖ್ಯೆಯ ಎಚ್ಚರಿಕೆ ಹಾಕಿದರೆ ಕಚೇರಿ, ಶಾಲೆ ಮುಚ್ಚುತ್ತವೆ, ದೋಣಿಗಳು ನಿಲ್ಲುತ್ತವೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಒಂದೆರಡು ದಿನ ಕೈಯಲ್ಲಿ ಉಳಿಸಿಕೊಂಡೇ ಹೋಗಬೇಕು.

ಹವಾಮಾನದ ಪಟ್ಟಿಯಲ್ಲಿ ಕಾಣಿಸದೇ ಇರುವುದು ಹೊಗೆ. ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಮಾರ್ಚ್ ಅಂತ ಹಾಕಿ ನೋಡಿ: ಮಳೆ ಇಲ್ಲ, ಒಣ ಹವೆ. ಓದಿದರೆ ಹೋಗಬೇಕು ಅನ್ನಿಸುತ್ತೆ. ಆದರೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ಹೊಲಕ್ಕೆ, ಕಾಡಿಗೆ ಬೆಂಕಿ ಬೀಳುವ ಕಾಲ. ಊರಿನ ಪಕ್ಕದ ಬೆಟ್ಟವೇ ಎಷ್ಟೋ ದಿನ ಕಾಣುವುದಿಲ್ಲ. ಉಸಿರಾಟದ ತೊಂದರೆ ಇರುವವರು, ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಆ ತಿಂಗಳುಗಳನ್ನು ಬಿಟ್ಟೇಬಿಡಿ. ನವೆಂಬರ್, ಡಿಸೆಂಬರ್ ಅಲ್ಲಿ ಎಷ್ಟು ಚೆನ್ನಾಗಿರುತ್ತೆ!

ಇನ್ನು ವೀಸಾ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ಸಲ್ಲುವ ಷೆಂಗೆನ್ ವೀಸಾ ಬೇಕಾದವರು ಹೊರಡುವ ದಿನಕ್ಕಿಂತ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕೊನೆಯ ಪಕ್ಷ 15 ದಿನ ಮೊದಲಾದರೂ ಹಾಕಿರಲೇಬೇಕು. ಜೂನ್‌ನಿಂದ ಆಗಸ್ಟ್‌ವರೆಗಿನ ಅಲ್ಲಿನ ಬೇಸಿಗೆಗೆ ಎಲ್ಲರೂ ಒಟ್ಟಿಗೇ ಮುಗಿಬೀಳುವುದರಿಂದ ದಿನಾಂಕ ಸಿಗುವುದೇ ಕಷ್ಟ. ನಾನು ಮೇ ಅಥವಾ ಸೆಪ್ಟೆಂಬರ್ ಇಷ್ಟಪಡುವುದಕ್ಕೆ ಇದೂ ಒಂದು ಕಾರಣ. ಅಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ ಇರುವುದಿಲ್ಲ, ಸೂರ್ಯ ಇನ್ನೂ ಏಳರವರೆಗೆ ಇರುತ್ತಾನೆ.

ಈ ಸಲ ನಾವು ಹೊರಟಿರುವುದು ಇಸ್ತಾಂಬುಲ್‌ಗೆ, ಏಪ್ರಿಲ್ ಮೂರನೇ ವಾರ. ತಿಂಗಳು ಆರಿಸಿದ್ದು ಟುಲಿಪ್ ಹೂಗಳು. ಊರನ್ನು ಎರಡು ಭಾಗ ಮಾಡುವ ಬಾಸ್ಫೊರಸ್ ಜಲಸಂಧಿಯ ದಂಡೆಯ ಎಮಿರ್‌ಗಾನ್ ಪಾರ್ಕಿನಲ್ಲಿ ಆಗ ಗುಡ್ಡದ ಇಳಿಜಾರೆಲ್ಲ ಟುಲಿಪ್. ಸೂರ್ಯಾಸ್ತ 7.45ರ ಮೇಲೆ, ಅದನ್ನು ಮೊದಲೇ ನೋಡಿಕೊಂಡೆ. ರಂಜಾನ್ ಉಪವಾಸದ ತಿಂಗಳು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತೆ, ಈ ಸಲ ಅದು ಏಪ್ರಿಲ್‌ಗೆ ಮೊದಲೇ ಮುಗಿದಿರುತ್ತೆ. ಏಪ್ರಿಲ್ 23 ಅಲ್ಲಿ ರಾಷ್ಟ್ರೀಯ ರಜೆ, ಮಕ್ಕಳ ಹಬ್ಬ. ದೋಣಿಗಳಲ್ಲಿ ಜನ ಜಾಸ್ತಿ ಇರಬಹುದು, ಆದ್ದರಿಂದ ಅವತ್ತು ಹಳೆಯ ಊರಲ್ಲೇ ಕಾಲ್ನಡಿಗೆ ಅಂತ ಇಟ್ಟುಕೊಂಡೆ. ದೊಡ್ಡ ಬಜಾರ್ ಭಾನುವಾರ ಮುಚ್ಚಿರುತ್ತೆ, ತೋಪ್‌ಕಾಪಿ ಅರಮನೆ ಮಂಗಳವಾರ. ಅವೆರಡನ್ನೂ ಬಿಟ್ಟು ದಿನ ಜೋಡಿಸಿದ ಮೇಲೆ ಟುಲಿಪ್‌ಗೆ ಉಳಿದದ್ದು ಬುಧವಾರ.

ಅಮ್ಮ ನಿನ್ನೆ ಫೋನಿನಲ್ಲಿ ನಕ್ಷೆ ದೊಡ್ಡದು ಮಾಡಿಕೊಂಡು, ದೋಣಿಯಲ್ಲಿ ಯಾವ ಕಡೆ ಕೂರಬೇಕು ಅಂತ ಕೇಳಿದರು. ಹೋಗುವಾಗ ಎಡಗಡೆ ಅಂದೆ. ದೋಲ್ಮಾಬಾಹ್ಚೆ ಅರಮನೆಯೂ ಆ ಕಡೆ, ರುಮೇಲಿ ಕೋಟೆಯೂ ಆ ಕಡೆ, ಅದನ್ನು ದಾಟಿದ ಮೇಲೆ ಟುಲಿಪ್ ಗುಡ್ಡವೂ ಆ ಕಡೆಯೇ.