ಬಾಲಿ ಬಿಟ್ಟು ಜಕಾರ್ತಾಗೆ ಯಾಕೆ ಹೋದೆ?

ಇಂಡೋನೇಷ್ಯಾಕ್ಕೆ ಹೋಗಿದ್ದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು. "ಬಾಲಿ ಹೇಗಿತ್ತು?" ಬಾಲಿಗೆ ಹೋಗಲೇ ಇಲ್ಲ, ಒಂಬತ್ತು ದಿನವೂ ಜಕಾರ್ತಾದಲ್ಲೇ ಇದ್ದೆ ಅಂದರೆ ಮುಖ ನೋಡುತ್ತಾರೆ. "ಅಲ್ಲೇನಿದೆ? ಬರೀ ಟ್ರಾಫಿಕ್ಕು, ಹೊಗೆ ಅಲ್ವಾ?" ಅಕ್ಕ ಕೇಳಿದಳು, ಆಫೀಸಿನಲ್ಲಿ ಕೇಳಿದರು, ಮಗಳ ಶಾಲೆಯ ಗೇಟಿನ ಹತ್ತಿರ ಸಿಗುವ ಗೆಳತಿಯರೂ ಕೇಳಿದರು. ನಿಂತ ಕಾಲಲ್ಲಿ ಹೇಳಿ ಮುಗಿಸುವುದು ನನಗೆ ಒಮ್ಮೆಯೂ ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಕೋಲಾರದ ಕಡೆಯವಳು. ನಮ್ಮ ಹಿತ್ತಲ ಬಾವಿಯಲ್ಲಿ ನೀರಿದ್ದದ್ದು ನನಗೆ ನೆನಪಿದೆ, ಅದು ಬತ್ತಿದ್ದೂ ನೆನಪಿದೆ. ಆಮೇಲೆ ಬೋರ್‌ವೆಲ್ ಬಂತು. ಮೊದಲು ಮುನ್ನೂರು ಅಡಿ, ಆಮೇಲೆ ಆರುನೂರು, ಈಗ ನಮ್ಮ ಸುತ್ತಮುತ್ತ ಸಾವಿರ ಅಡಿ ದಾಟಿದರೂ ಬರೀ ಧೂಳು ಬರುವುದನ್ನು ನೋಡಿದ್ದೇನೆ. ನೆಲದೊಳಗಿನ ನೀರನ್ನು ಎತ್ತಿ ಎತ್ತಿ ಒಂದು ಇಡೀ ಮಹಾನಗರವೇ ಕುಸಿಯುತ್ತಿದೆ ಅಂತ ಓದಿದಾಗ ಅದು ಯಾರದೋ ಊರಿನ ಸುದ್ದಿ ಅನ್ನಿಸಲಿಲ್ಲ. ಒಂದು ಸಲ ಆ ನೆಲದ ಮೇಲೆ ನಿಂತು ನೋಡಬೇಕು ಅನ್ನಿಸಿತು. ಸುಮ್ನೆ ಕುತೂಹಲ ಅಲ್ಲ ಅದು. ಒಂಥರಾ ನಮ್ಮವರನ್ನೇ ನೋಡಲು ಹೋಗುವ ಹಾಗೆ.

"ಹೆದರಿಕೆ ಆಗಲಿಲ್ವಾ?" ಅನ್ನುವುದು ಎರಡನೇ ಪ್ರಶ್ನೆ. ಆಯಿತು. ಆದರೆ ನೀವು ಅಂದುಕೊಂಡಿದ್ದಕ್ಕೆ ಅಲ್ಲ.

ಕೌಲಾಲಂಪುರದಲ್ಲಿ ವಿಮಾನ ಬದಲಿಸಿ ಇಳಿದಾಗ ರಾತ್ರಿ ಹತ್ತು ದಾಟಿತ್ತು. ಕೆಳಗೆ ಬರೀ ದೀಪ. ಊರು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಗೊತ್ತಾಗಲಿಲ್ಲ. ಜಕಾರ್ತಾ ನಗರದ ಗಡಿಯೊಳಗೆ ಒಂದು ಕೋಟಿ ಜನ ಇದ್ದಾರೆ. ಆದರೆ ಬೊಗೋರ್, ದೆಪೊಕ್, ತಾಂಗೆರಾಂಗ್, ಬೆಕಾಸಿ ಎಲ್ಲ ಒಂದಕ್ಕೊಂದು ಅಂಟಿಕೊಂಡು ಬೆಳೆದಿವೆ. ವಿಶ್ವಸಂಸ್ಥೆ 2025ರಲ್ಲಿ ಲೆಕ್ಕ ಹಾಕಿದಾಗ ಟೋಕಿಯೋವನ್ನು ಹಿಂದಿಕ್ಕಿ ಇದೇ ಜಗತ್ತಿನ ಅತಿ ದೊಡ್ಡ ನಗರ ಆಯಿತು. ಸುಮಾರು 4 ಕೋಟಿ 20 ಲಕ್ಷ ಜನ. ಅರ್ಧ ಕರ್ನಾಟಕಕ್ಕಿಂತ ಜಾಸ್ತಿ ಜನ ಒಂದೇ ಊರಲ್ಲಿ ಇದ್ದಾರೆ ಅಂದುಕೊಳ್ಳಿ.

ಮೊದಲ ಎರಡು ದಿನ ನನಗೆ ಆ ಊರು ಹಿಡಿತಕ್ಕೇ ಸಿಗಲಿಲ್ಲ. ತಾಮ್ರಿನ್ ರಸ್ತೆಯ ಎರಡೂ ಕಡೆ ಕತ್ತೆತ್ತಿ ನೋಡುವಂಥ ಗಾಜಿನ ಕಟ್ಟಡಗಳು. ಒಂದು ದೊಡ್ಡ ಮಾಲ್‌ನ ಹಿಂದಿನ ಗೇಟಿಂದ ಹೊರಗೆ ಬಂದರೆ ಇಬ್ಬರು ಎದುರುಬದುರಾಗಿ ದಾಟಲು ಕಷ್ಟಪಡುವಷ್ಟು ಸಣ್ಣ ಗಲ್ಲಿ. ಅಲ್ಲಿ ಪಂಜರದಲ್ಲಿ ಹಕ್ಕಿ, ಹಗ್ಗದ ಮೇಲೆ ಬಟ್ಟೆ, ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುವ ಅಜ್ಜಿ. ಇಂಥ ಕೇರಿಗಳಿಗೆ ಅವರು ಕಾಂಪುಂಗ್ ಅನ್ನುತ್ತಾರೆ. ಹಳ್ಳಿಗೂ ಅದೇ ಪದ. ನಲವತ್ತು ಮಹಡಿಯ ನೆರಳಲ್ಲಿ ಒಂದು ಹಳ್ಳಿ ಉಸಿರಾಡುತ್ತಿದೆ. ಎರಡರ ನಡುವೆ ಒಂದು ಗೋಡೆ ಅಷ್ಟೇ. ಯಾವುದು ನಿಜವಾದ ಜಕಾರ್ತಾ ಅಂತ ತಿಳಿಯದೆ ಮನಸ್ಸು ಕಸಿವಿಸಿ ಆಯಿತು.

ಟ್ರಾಫಿಕ್ ಬಗ್ಗೆ ಬೆಂಗಳೂರಿನವರಿಗೆ ಹೇಳುವುದೇನೂ ಇಲ್ಲ. ಅಲ್ಲಿ ಅದಕ್ಕೆ ಮಾಚೆತ್ ಅನ್ನುತ್ತಾರೆ. ಆದರೆ ಬಸ್ಸಿನ ಬಗ್ಗೆ ಹೇಳಲೇಬೇಕು. 2004ರಲ್ಲಿ ಶುರುವಾದ ಟ್ರಾನ್ಸ್‌ಜಕಾರ್ತಾ ಬಸ್ಸುಗಳಿಗೆ ರಸ್ತೆಯ ಮಧ್ಯದಲ್ಲೇ ಬೇರೆ ದಾರಿ ಇದೆ. ಟಿಕೆಟ್ 3,500 ರೂಪಿಯಾ, ನಮ್ಮ ಇಪ್ಪತ್ತು ರೂಪಾಯಿ ಆಸುಪಾಸು. ದಕ್ಷಿಣದ ಬ್ಲೋಕ್ ಎಂ‌ನಲ್ಲಿ ಹತ್ತಿದರೆ ಉತ್ತರದ ಕೋತಾವರೆಗೆ ಊರಿನ ನಡುಬೆನ್ನಿನ ಮೇಲೇ ಹೋಗಬಹುದು. ನಾನು ಆ ಬಸ್ಸಲ್ಲಿ ಐದು ಸಲ ಓಡಾಡಿದೆ. ಹೆಂಗಸರಿಗೆ ಮುಂದೆ ಬೇರೆ ಜಾಗ. ಒಬ್ಬಳೇ ಇದ್ದೇನೆ ಅನ್ನುವ ಭಯ ಆ ಬಸ್ಸಲ್ಲೇ ಕರಗಿತು.

ಕೋತಾ ಅಂದರೆ ನಗರ. ನಮ್ಮ ಕೋಟೆಗೂ ಅದಕ್ಕೂ ಒಂದೇ ಬೇರು. ಹಾಗೆ ನೋಡಿದರೆ ಊರಿನ ಹೆಸರೇ ನಮಗೆ ಗುರುತು ಸಿಗುತ್ತದೆ. 1527ರಲ್ಲಿ ಫತಾಹಿಲಾ ಎಂಬ ಮುಖಂಡ ಸುಂದಾ ಕೆಲಾಪಾ ಅನ್ನುವ ಬಂದರನ್ನು ಗೆದ್ದು ಜಯಕರ್ತಾ ಅಂತ ಹೆಸರಿಟ್ಟನಂತೆ. ಜಯ, ಕೃತ. ಬಿಡಿಸಿ ಹೇಳಬೇಕಿಲ್ಲ. 1619ರಲ್ಲಿ ಡಚ್ಚರು ಅದನ್ನು ಸುಟ್ಟು ಬತಾವಿಯಾ ಕಟ್ಟಿದರು. ತಮ್ಮ ಆಮ್‌ಸ್ಟರ್‌ಡ್ಯಾಮ್ ಹಾಗೇ ಇರಲಿ ಅಂತ ಕಾಲುವೆ ತೋಡಿದರು. ಆ ಬಿಸಿಲಿಗೆ, ಆ ಹೂಳಿಗೆ ಕಾಲುವೆಗಳೆಲ್ಲ ಕೊಳೆತವು. ಸೊಳ್ಳೆ, ಜ್ವರ, ಸಾವು. ಹಡಗಿಳಿದ ಯುರೋಪಿನವರು ಸಾಲುಸಾಲಾಗಿ ಸತ್ತರು. ಕೊನೆಗೆ 1808ರ ನಂತರ ಗವರ್ನರ್ ಜನರಲ್ ಡಾಂಡೆಲ್ಸ್ ಹಳೇ ಕೋಟೆಯನ್ನೇ ಒಡೆಸಿ ಆಡಳಿತವನ್ನೆಲ್ಲ ದಕ್ಷಿಣದ ಎತ್ತರದ ಕಡೆಗೆ ಸಾಗಿಸಿದ.

ಈಗ ಬೋರ್ನಿಯೋ ದ್ವೀಪದಲ್ಲಿ ನುಸಾಂತಾರಾ ಅನ್ನುವ ಹೊಸ ರಾಜಧಾನಿ ಕಟ್ಟುತ್ತಿದ್ದಾರೆ. 2019ರಲ್ಲಿ ಅಧ್ಯಕ್ಷ ಜೋಕೋ ವಿದೋದೋ ಅದನ್ನು ಘೋಷಿಸಿದಾಗ ಜಗತ್ತೆಲ್ಲ ಬೆರಗಾಯಿತು. ಆದರೆ ನೀರಿನ ಕಾಟಕ್ಕೆ ಈ ಊರಿನ ದೊರೆಗಳು ಗಂಟುಮೂಟೆ ಕಟ್ಟುವುದು ಇದೇ ಮೊದಲಲ್ಲ. ಎರಡು ಸಲವೂ ಹೊರಟವರು ಆಳುವವರು. ಉಳಿದವರು ಉಳಿದೇ ಇರುತ್ತಾರೆ. ನಾನು ನೋಡಲು ಹೋದದ್ದು ಆ ಉಳಿದವರನ್ನು.

ನಾಲ್ಕನೇ ದಿನ ಉತ್ತರದ ತುದಿಯ ಮುವಾರಾ ಬಾರುಗೆ ಹೋದೆ. ಮೀನಿನ ಬಂದರು ಅದು. ಬೈಕ್ ಟ್ಯಾಕ್ಸಿಯವನು ಒಂದು ಬೀದಿಯ ಕೊನೆಯಲ್ಲಿ ಇಳಿಸಿದ. ಎದುರಿಗೆ ಕಾಂಕ್ರೀಟ್ ಗೋಡೆ, ನನಗಿಂತ ಎತ್ತರ. ಮಕ್ಕಳು ಅದರ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಒಬ್ಬ ಹುಡುಗ ಗಾಳಿಪಟ ಬಿಡುತ್ತಿದ್ದ. ಮೆಟ್ಟಿಲು ಹತ್ತಿ ಗೋಡೆಯ ಮೇಲೆ ನಿಂತೆ.

ಆ ಕಡೆ ಸಮುದ್ರ. ಈ ಕಡೆ ಬೀದಿ. ಸಮುದ್ರ ಮೇಲಿತ್ತು, ಬೀದಿ ಕೆಳಗಿತ್ತು.

ಇದನ್ನು ಹೇಗೆ ಹೇಳಲಿ? ಹುಟ್ಟಿದಾಗಿನಿಂದ ನಾವು ಸಮುದ್ರವನ್ನು ಕೆಳಗೆ ನೋಡುತ್ತೇವೆ. ಮರವಂತೆಯಲ್ಲೂ ಅಷ್ಟೇ, ಮಲ್ಪೆಯಲ್ಲೂ ಅಷ್ಟೇ. ರಸ್ತೆಯಿಂದ ಮರಳಿಗೆ ಇಳಿದು ಹೋಗಿ ನೀರು ಮುಟ್ಟುತ್ತೇವೆ. ಅಲ್ಲಿ ಉಬ್ಬರದ ಹೊತ್ತು. ನೀರು ಗೋಡೆಯ ಅಂಚಿಗೆ ತುಸುವೇ ಕೆಳಗೆ ತಟ್ಟುತ್ತಿತ್ತು. ತಿರುಗಿ ನೋಡಿದರೆ ತಗ್ಗಿನಲ್ಲಿ ಮನೆಗಳು, ಟಿವಿ ಸದ್ದು, ಎಣ್ಣೆಯಲ್ಲಿ ಏನೋ ಕರಿಯುವ ವಾಸನೆ. ಗೋಡೆಯ ಬುಡದ ಬಿರುಕಲ್ಲಿ ನೀರು ಜಿನುಗುತ್ತಿತ್ತು. ನನ್ನ ಕಾಲು ನಡುಗಿದ್ದು ಅಲ್ಲಿ.

ಗೋಡೆಯ ಆಚೆ ನೀರೊಳಗೆ ಒಂದು ಮಸೀದಿ ನಿಂತಿದೆ. ವಾಲಾದುನಾ ಅಂತ ಹೆಸರು. ಮೊದಲು ಅದು ನೆಲದ ಮೇಲಿತ್ತು. ನೆಲ ಇಳಿಯಿತು, ಗೋಡೆ ಅದರ ಈಚೆ ಎದ್ದಿತು, ಮಸೀದಿ ಸಮುದ್ರದ ಪಾಲಾಯಿತು. ಪಾಚಿ ಹಿಡಿದ ಗೋಡೆ, ಒಳಗೆ ಆಡುವ ನೀರು. ಅಲ್ಲಿಯವರು ಅದನ್ನು ಕೆಡವಿಲ್ಲ. ನೋಡಿಕೊಂಡೇ ದಿನ ಕಳೆಯುತ್ತಾರೆ.

ಕೆಳಗಿಳಿದು ಬಂದಾಗ ಸಣ್ಣ ಅಂಗಡಿಯ ಹೆಂಗಸು ಪ್ಲಾಸ್ಟಿಕ್ ಸ್ಟೂಲ್ ಎಳೆದು ಕೊಟ್ಟರು. ಅಲ್ಲಿ ದೊಡ್ಡ ಹೆಂಗಸರನ್ನು ಇಬು ಅಂತ ಕರೆಯಬೇಕು. ಇಬು ಅಂದರೆ ಅಮ್ಮ. ನಾವು ಅಂಗಡಿಯಲ್ಲಿ "ಏನಮ್ಮಾ" ಅನ್ನುವುದಿಲ್ವಾ, ಹಾಗೇ. ಇಬು ಕಾಫಿ ಕೊಟ್ಟರು. ಫೋನಿನ ಅನುವಾದದ ಆ್ಯಪ್ ನಡುವೆ ಇಟ್ಟುಕೊಂಡು ಮಾತಾಡಿದೆವು. ಮನೆ ತೋರಿಸುತ್ತೇನೆ ಬಾ ಅಂದರು. ಹೊಸ್ತಿಲಲ್ಲಿ ತಲೆ ತಗ್ಗಿಸಿ ಒಳಗೆ ಹೋದೆ. ಮೂರು ಸಲ ಮಣ್ಣು, ಇಟ್ಟಿಗೆ ಚೂರು ಸುರಿದು ನೆಲ ಎತ್ತರಿಸಿದ್ದಾರೆ. ನೆಲ ಮೇಲೆ ಬಂದ ಹಾಗೆಲ್ಲ ಸೂರು ಹತ್ತಿರವಾಗಿದೆ. ಕಿಟಕಿ ನನ್ನ ಮೊಣಕಾಲಿನ ಹತ್ತಿರ. ಕೂತರೆ ಮಾತ್ರ ಹೊರಗೆ ಕಾಣುತ್ತದೆ. ಗೋಡೆಯ ಮೇಲೆ ಮಗನ ಮದುವೆ ಫೋಟೋ. ಅದನ್ನೂ ಮೂರು ಸಲ ಮೇಲೆ ಹಾಕಿದ್ದಾರೆ, ಹಳೇ ಮೊಳೆಗಳ ಗುರುತು ಹಾಗೇ ಇದೆ.

ಸಮುದ್ರದ ನೀರು ಒಳಗೆ ಬಂದರೆ ಅವರು ರೋಬ್ ಅನ್ನುತ್ತಾರೆ. ಮಳೆಯ ನೆರೆ ಬೇರೆ, ಅದು ಬಂಜಿರ್. ಎರಡೂ ಒಟ್ಟಿಗೆ ಬಂದ ದಿನ ಕಷ್ಟ. ಇದೆಲ್ಲ ಹೇಳುವಾಗ ಇಬು ದನಿಯಲ್ಲಿ ಗೋಳು ಇರಲಿಲ್ಲ. ನಮ್ಮಮ್ಮ ಟ್ಯಾಂಕರ್ ಬರುವ ದಿನಗಳನ್ನು ಬೆರಳಲ್ಲಿ ಎಣಿಸಿ ಹೇಳುವ ಹಾಗೆ ಹೇಳಿದರು. ಅಷ್ಟರಲ್ಲಿ ತಳ್ಳುಗಾಡಿಯಲ್ಲಿ ಕ್ಯಾನ್ ತುಂಬಿಕೊಂಡು ಒಬ್ಬ ಬಂದ. ಕುಡಿಯುವ ನೀರು. ಸುತ್ತ ಎಲ್ಲಿ ನೋಡಿದರೂ ನೀರು ಇರುವ ಜಾಗದಲ್ಲಿ ಇಬು ದುಡ್ಡು ಎಣಿಸಿ ನೀರು ಕೊಂಡರು. ಕೋಲಾರ ಮತ್ತು ಜಕಾರ್ತಾ ನನ್ನ ತಲೆಯಲ್ಲಿ ಒಂದಾದದ್ದು ಆಗಲೇ.

ಯಾಕೆ ಹೀಗಾಯಿತು ಅಂತ ಸ್ವಲ್ಪ ಹೇಳುತ್ತೇನೆ. ಜಕಾರ್ತಾ ಇರುವುದು 13 ನದಿಗಳು ಹೊತ್ತು ತಂದ ಮೆತ್ತನೆ ಮಣ್ಣಿನ ಮೇಲೆ. ನಮ್ಮ ಕಡೆ ಬಂಡೆ. ನೀರು ತೆಗೆದರೆ ಬಂಡೆಯ ಸಂದು ಬರಿದಾಗುತ್ತದೆ, ನೆಲ ಹಾಗೇ ನಿಂತಿರುತ್ತದೆ. ಅಲ್ಲಿ ಮಣ್ಣಿನ ಕಣಗಳ ನಡುವೆ ನೀರೇ ಒತ್ತು ಕೊಟ್ಟು ನಿಂತಿತ್ತು. ಅದನ್ನು ಎಳೆದುಕೊಂಡಾಗ ಮಣ್ಣು ಅಮುಕಿಕೊಂಡು ಕೆಳಗೆ ಕೂರುತ್ತದೆ. ಮೇಲೆ ಕಟ್ಟಡಗಳ ಭಾರ ಬೇರೆ. ಒಮ್ಮೆ ಕೂತ ಮಣ್ಣು ಮತ್ತೆ ಏಳುವುದಿಲ್ಲ. ಉತ್ತರದ ಕೆಲವು ಕಡೆ 2018ರ ಹಿಂದಿನ ಹತ್ತು ವರ್ಷದಲ್ಲಿ ನೆಲ ಎರಡು ಮೀಟರಿಗಿಂತ ಜಾಸ್ತಿ ಇಳಿಯಿತು. ಊರಿನ ನೂರಕ್ಕೆ ಸುಮಾರು 40 ಪಾಲು ಸಮುದ್ರಮಟ್ಟಕ್ಕಿಂತ ಕೆಳಗಿದೆ ಅನ್ನುತ್ತಾರೆ. ಸಮುದ್ರ ಏರುವುದೂ ನಿಜ, ಆದರೆ ಅಲ್ಲಿ ನೆಲ ಇಳಿಯುವ ವೇಗ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ.

ಹಾಗಂತ ಇಬು ಥರದವರು ಬಾವಿ ತೋಡಿದ್ದರಿಂದ ಊರು ಮುಳುಗಿತು ಅಂದರೆ ನಾನು ಒಪ್ಪುವುದಿಲ್ಲ. ನಲ್ಲಿ ನೀರು ಎಲ್ಲರ ಮನೆಗೂ ಬರಲಿಲ್ಲ, ಅದೇ ಮೂಲ. 1998ರಿಂದ 25 ವರ್ಷ ನೀರು ಸರಬರಾಜು ಖಾಸಗಿಯವರ ಕೈಯಲ್ಲಿತ್ತು. 2023ರಲ್ಲಿ ಸರ್ಕಾರದ ಕೈಗೆ ವಾಪಸ್ ಬಂದಾಗಲೂ ಲಕ್ಷಾಂತರ ಮನೆಗಳಿಗೆ ಪೈಪು ತಲುಪಿರಲಿಲ್ಲ. ಪೈಪು ಇಲ್ಲದ ಮೇಲೆ ಜನ ಏನು ಮಾಡಬೇಕು? ಕಾರ್ಖಾನೆ, ಹೋಟೆಲ್, ಮಾಲ್‌ಗಳು ಆಳದ ಕೊಳವೆ ಬಾವಿಗಳಿಂದ ಎತ್ತಿದ ನೀರಿನ ಮುಂದೆ ಇಬು ಮನೆಯ ಬಿಂದಿಗೆ ಎಷ್ಟರದು!

ಇದು ಹಣೆಬರಹ ಅಂತ ಕೈಕಟ್ಟಿ ಕೂರುವ ವಿಷಯವೂ ಅಲ್ಲ. ಟೋಕಿಯೋ ಕೂಡ ಹೀಗೇ ಕುಸಿಯುತ್ತಿತ್ತು. ಅಂತರ್ಜಲ ಎತ್ತುವುದಕ್ಕೆ ಕಾನೂನಿನ ಕಡಿವಾಣ ಹಾಕಿ, ಬೇರೆ ನೀರು ಕೊಟ್ಟ ಮೇಲೆ 1970ರ ದಶಕದಲ್ಲಿ ಕುಸಿತ ಬಹುಮಟ್ಟಿಗೆ ನಿಂತಿತು. ಜಕಾರ್ತಾದಲ್ಲೂ ಈಗ ಕೆಲವು ವಲಯಗಳಲ್ಲಿ ದೊಡ್ಡ ಕಟ್ಟಡಗಳು ನೆಲದ ನೀರು ತೆಗೆಯುವಂತಿಲ್ಲ. ಗೋಡೆಗಿಂತ ನನಗೆ ಆ ನಿಯಮದ ಮೇಲೆ ಜಾಸ್ತಿ ನಂಬಿಕೆ. ಗೋಡೆ ಕಟ್ಟುತ್ತಾ ಒಳಗೆ ನೀರು ಎತ್ತುತ್ತಲೇ ಇದ್ದರೆ ಗೋಡೆಯೂ ನೆಲದ ಜೊತೆಗೇ ಇಳಿಯುತ್ತದೆ.

ಬರೀ ನೀರಿನ ಕಥೆಯೇ ಆಯಿತು. ಉಳಿದದ್ದನ್ನೂ ನೋಡಿದೆ. ಇಸ್ತಿಕ್ಲಾಲ್ ಮಸೀದಿಗೆ ಹೋದೆ. ಅದರ ನಕ್ಷೆ ಬರೆದ ಫ್ರೆಡೆರಿಕ್ ಸಿಲಾಬಾನ್ ಒಬ್ಬ ಕ್ರೈಸ್ತ. ಎದುರಿಗೇ ಚರ್ಚು, ಎರಡನ್ನೂ ಸೇರಿಸುವ ಸುರಂಗದ ದಾರಿಯೂ ಇದೆ. ಮೊನಾಸ್ ಅನ್ನುವ ರಾಷ್ಟ್ರೀಯ ಸ್ಮಾರಕ ಸ್ತಂಭದ ಹತ್ತಿರ ರಸ್ತೆ ನಡುವೆ ಅರ್ಜುನನ ರಥ, ಕೃಷ್ಣ ಸಾರಥಿ, ನುಗ್ಗುವ ಕುದುರೆಗಳು. ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ದೇಶದ ರಾಜಬೀದಿಯಲ್ಲಿ ಗೀತೆಯ ಚಿತ್ರ. ಅಲ್ಲಿ ಯಾರಿಗೂ ಅದು ವಿಚಿತ್ರ ಅನ್ನಿಸಿದಂತೆ ಕಾಣಲಿಲ್ಲ, ಅದು ಅವರದ್ದೇ ಕಥೆ. ಗಾಡೋ-ಗಾಡೋ ದಿನಾ ತಿಂದೆ. ಬೇಯಿಸಿದ ಸೊಪ್ಪು, ತರಕಾರಿ, ಮೇಲೆ ಕಡಲೆಬೀಜ ಅರೆದ ಗಟ್ಟಿ ಚಟ್ನಿ. ಕೋಲಾರದವಳಿಗೆ ಅದು ಹೊಸ ರುಚಿಯೇ ಅಲ್ಲ.

ಭಾಷೆಯೂ ಹಾಗೇ ಕೈ ಹಿಡಿಯಿತು. ಗುರು ಅಂದರೆ ಗುರು, ವರ್ನಾ ಅಂದರೆ ಬಣ್ಣ, ಬುಮಿ ಅಂದರೆ ಭೂಮಿ. ಆದರೆ ತಾಯ್ನಾಡಿಗೆ ಅವರು ಹೇಳುವ ಮಾತು ಅವರದ್ದೇ: ತಾನಾ ಆಯೆರ್. ತಾನಾ ಅಂದರೆ ಮಣ್ಣು, ಆಯೆರ್ ಅಂದರೆ ನೀರು. ಮಣ್ಣು-ನೀರು, ಅಷ್ಟೇ. ಇದನ್ನು ನನಗೆ ಹೇಳಿಕೊಟ್ಟದ್ದು ಇಬು ಮೊಮ್ಮಗಳು. ಶಾಲೆಯ ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದಳು.

"ಮತ್ತೆ ಹೋಗ್ತೀಯಾ?" ಅಂತ ಕೇಳುವವರು ಕಮ್ಮಿ. ಕೇಳದಿದ್ದರೂ ಹೇಳುತ್ತೇನೆ. ಹೋಗುತ್ತೇನೆ. 2027ರ ಜೂನ್ 22ಕ್ಕೆ ಜಕಾರ್ತಾಗೆ ಐನೂರು ತುಂಬುತ್ತದೆ. ಆ ಹೊತ್ತಿಗೆ ಹೋಗಬೇಕು ಅಂತ ಈಗಲೇ ದುಡ್ಡು ಎತ್ತಿಡುತ್ತಿದ್ದೇನೆ. ನೀವು ಹೋದರೆ ಮುವಾರಾ ಬಾರುಗೆ ಹಗಲಲ್ಲಿ ಹೋಗಿ, ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ, ಯಾರದಾದರೂ ಅಂಗಡಿಯಲ್ಲಿ ಕೂತು ಕಾಫಿ ಕುಡಿಯಿರಿ.

ಇಬು ಮುಂದಿನ ಮಳೆಗಾಲದೊಳಗೆ ಇನ್ನೊಂದು ಸಲ ನೆಲ ಎತ್ತರಿಸುತ್ತಾರಂತೆ. ಮಗ ಇಟ್ಟಿಗೆ ಚೂರಿಗೆ ಹೇಳಿದ್ದಾನೆ. ಮದುವೆ ಫೋಟೋಗೆ ಮಾತ್ರ ಇನ್ನು ಮೇಲೆ ಜಾಗ ಇಲ್ಲ, ಎದುರು ಗೋಡೆಗೆ ಹಾಕಬೇಕು ಅಂದರು.